ರಂಗಭೂಮಿ ಪತ್ರಿಕೆಗಳು ಮತ್ತು ಕಲಾವಿದರ ಸೇವಾ ದಾಖಲೆ

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವು ಕಲ್ಲು ಹಾಗೂ ಲೋಹದ ವಿಗ್ರಹಗಳ ತಯಾರಿಕೆಗೆ ಹೆಸರಾದ ಗ್ರಾಮವಾಗಿರುತ್ತದೆ. ಇಲ್ಲಿಯ ಶಿಲ್ಪಿಯು ಕಡೆದ ಮೂರ್ತಿಯು ದೇವಾಲಯದಲ್ಲಿ ನಿಂತು ಆತನ ಕಸುಬಿಗೆ ತಾನೇ ಸಾಕ್ಷಿಯಾಗುತ್ತದೆ. ಇದೇ ಸೀಮೆಯ ಊರುಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕವಾಡುವ ಕಲಾವಿದರಿಗೆ ಅಂತಹ ಸಾಕ್ಷಿಯಿಲ್ಲ. ಬೆಳಗಾದೊಡನೆ ಪರದೆ ಕಳಚಲಾಗುತ್ತದೆ. ಉಳಿಯುವುದು ಕರಪತ್ರ, ಭಾವಚಿತ್ರ ಹಾಗೂ ಪತ್ರಿಕೆಯಲ್ಲಿ ಅಚ್ಚಾದ ನಾಲ್ಕು ಸಾಲು. ವೃದ್ಧಾಪ್ಯದಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಕೋರುವ ಕಲಾವಿದರು ತಮ್ಮ ಕಲಾಸೇವೆಯನ್ನು ದಾಖಲೆಯಿಂದ ತೋರಿಸಬೇಕಾದಾಗ ಈ ನಾಲ್ಕು ಸಾಲಿನ ಬೆಲೆ ತಿಳಿಯುತ್ತದೆ.

ರಂಗಭೂಮಿಯನ್ನು ಒಂದು ವೃತ್ತಿಯೆಂದು ಪರಿಗಣಿಸಿ ಅದಕ್ಕೆಂದೇ ಪತ್ರಿಕೆ ನಡೆಸುವ ಪದ್ಧತಿ ಹಳೆಯದು. ಲಂಡನ್ನಿನ ‘ದಿ ಸ್ಟೇಜ್’ 1880ರಲ್ಲಿಯೂ, ನ್ಯೂಯಾರ್ಕಿನ ‘ವೆರೈಟಿ’ 1905ರಲ್ಲಿಯೂ ಆರಂಭವಾದವು. ಭಾರತದಲ್ಲಿ 1965ರಲ್ಲಿ ನೇಮಿಚಂದ್ರ ಜೈನ್ ಅವರು ಹಿಂದಿಯಲ್ಲಿ ‘ನಟರಂಗ್’ ಪ್ರಾರಂಭಿಸಿದರು. 1967ರಲ್ಲಿ ದೆಹಲಿಯಿಂದ ರಾಜಿಂದರ್ ಪಾಲ್ ಅವರ ‘ಎನಾಕ್ಟ್’ ಹೊರಬಂದಿತು. ಗಿರೀಶ ಕಾರ್ನಾಡರ ‘ಹಯವದನ’ದ ಇಂಗ್ಲಿಷ್ ರೂಪವು ಇದರಲ್ಲಿ ಪ್ರಕಟವಾಯಿತು.

ಕನ್ನಡದ ವೃತ್ತಿ ನಾಟಕ ಕಂಪನಿಗಳಿಗೆ ಇಂತಹ ಆಸರೆ ಸಾಕಷ್ಟು ದೊರೆಯಲಿಲ್ಲವೆಂದೇ ಹೇಳಬೇಕು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯ ಚರಿತ್ರೆಗೂ ಗುಬ್ಬಿ ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ದಂತಹ ಬರಹಗಳನ್ನು ಅವಲಂಬಿಸಬೇಕಾಗುತ್ತದೆ. ಯಜಮಾನರು ಆತ್ಮಕಥೆ ಬರೆದರು. ಹಾರ್ಮೋನಿಯಂ ಮೇಷ್ಟ್ರು, ಪರದೆ ಎಳೆಯುವವರು ಬರೆಯಲಿಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ಗ್ರಾಮದವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ‘ಕಾಕನಕೋಟೆ’ಯಂತಹ ನಾಟಕಗಳ ಕರ್ತೃಗಳು. ಅವರು 1944ರಿಂದ 1965ರವರೆಗೆ ಸಂಪಾದಿಸಿದ ‘ಜೀವನ’ ಸಾಹಿತ್ಯಕ್ಕೆ ಮೀಸಲಾದ ಮಾಸಪತ್ರಿಕೆಯೇ ಹೊರತು ರಂಗಪತ್ರಿಕೆಯಲ್ಲ.

ಈ ಕೊರತೆಯನ್ನು ಗಮನಾರ್ಹವಾಗಿ ತುಂಬಿದ ಪ್ರಕಟಣೆಗಳಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ‘ಮಾತುಕತೆ’ ಒಂದು. ಇದನ್ನು ಹೊರತಂದ ನೀನಾಸಮ್ ಸಂಸ್ಥೆಯು 1949ರಲ್ಲಿ ಹುಟ್ಟಿತು. ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವೂ, 1985ರಲ್ಲಿ ‘ತಿರುಗಾಟ’ವೆಂಬ ಸಂಚಾರಿ ನಾಟಕ ತಂಡವೂ ಆರಂಭಗೊಂಡವು. ಊರೂರು ಸುತ್ತುವ ತಂಡಕ್ಕೂ ದೂರದ ಪ್ರೇಕ್ಷಕರಿಗೂ ನಡುವೆ ಈ ತ್ರೈಮಾಸಿಕವು ಕೊಂಡಿಯಾಯಿತು. ಆಡಂಬರವಿಲ್ಲದ ಇಂತಹ ಸಣ್ಣ ಪ್ರಕಟಣೆಗಳನ್ನು ಓದಿದ ಮೇಲೆ ಹಳೆಯ ಕಾಗದದೊಂದಿಗೆ ತೂಕಕ್ಕೆ ಹಾಕುವುದೇ ಹೆಚ್ಚು. ಇದು ವಿಷಾದದ ಸಂಗತಿ.

ಅರ್ಜಿದಾರರು ಪತ್ರಿಕೆಯ ತುಣುಕನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡಲ್ಲಿ ಅದು ಯಾವ ಪತ್ರಿಕೆ, ಯಾವ ವರ್ಷದ್ದೆಂದು ತಿಳಿಯುವುದಿಲ್ಲ. ಆದ್ದರಿಂದ ಪತ್ರಿಕೆಯ ಹೆಸರು, ಸಂಚಿಕೆಯ ತಿಂಗಳು ಮತ್ತು ವರ್ಷ ಕಾಣುವ ಪುಟವನ್ನೂ ಜೊತೆಗಿಡತಕ್ಕದ್ದು. ರಂಗದ ಮೇಲಿನ ಹೆಸರು ಬೇರೆ, ಗುರುತಿನ ಚೀಟಿಯಲ್ಲಿನ ಹೆಸರು ಬೇರೆ ಇರುವುದು ಈ ವೃತ್ತಿಯಲ್ಲಿ ಸಾಮಾನ್ಯ. ಅಂತಹವರು ಅರ್ಜಿ ಸಲ್ಲಿಸುವ ಮುನ್ನವೇ ಜಿಲ್ಲಾ ಕೇಂದ್ರದಲ್ಲಿರುವ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ.

ಮೂಲ ಸಂಚಿಕೆ ಕಳೆದುಹೋಗಿದ್ದಲ್ಲಿ ಮೊದಲು ಪ್ರಕಾಶಕರನ್ನು ಸಂಪರ್ಕಿಸಬಹುದು. 1954ರ ಕಾಯಿದೆಗೆ 1956ರಲ್ಲಿ ತಂದ ತಿದ್ದುಪಡಿಯಂತೆ ಪತ್ರಿಕೆಗಳ ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮುಂತಾದ ಗ್ರಂಥಾಲಯಗಳಿಗೆ ಕಳುಹಿಸಬೇಕಾಗಿರುವುದರಿಂದ ಅಲ್ಲಿಯೂ ಹುಡುಕಬಹುದು. ಖಾಸಗಿ ಪ್ರಸಾರದ ಸಂಚಿಕೆಗಳು ಅಲ್ಲಿ ಸಿಗದಿದ್ದಲ್ಲಿ, ಆ ಕಾಲದ ಸಹಕಲಾವಿದರ ಮನೆಯ ಪೆಟ್ಟಿಗೆಗಳಲ್ಲಿ ವಿಚಾರಿಸಬೇಕಾಗುತ್ತದೆ.