ಡೋಪಿನ ಮೇಲೆ ಮೂಡಿದ ಬಿಳಿಯ ಮಬ್ಬು

ಪ್ರಶ್ನೆ: ಮಳೆಗಾಲದ ಸಂಜೆ ಮಾದರಿ ವಿಮಾನದ ರೆಕ್ಕೆಯ ಕಾಗದದ ಹೊದಿಕೆಗೆ ಡೋಪ್ ಎಂಬ ಲೇಪವನ್ನು ಬಳಿದೆ. ಆರುವಷ್ಟರಲ್ಲಿ ಹಾಲು ಚೆಲ್ಲಿದಂತೆ ಬಿಳಿಚಿತು. ಕೆರೆದು ತೆಗೆಯಬೇಕೆ? — ಓದುಗರೊಬ್ಬರು, ಜಕ್ಕೂರು

ಉತ್ತರ: ಕೆರೆಯಬೇಡಿರಿ, ರೆಕ್ಕೆ ಕೆಟ್ಟಿಲ್ಲ. ಡೋಪಿನೊಳಗಿನ ನೈಟ್ರೋಸೆಲ್ಯುಲೋಸನ್ನು ಕರಗಿಸಿಟ್ಟಿರುವ ದ್ರಾವಕವು ಶೀಘ್ರವಾಗಿ ಆವಿಯಾಗುವಾಗ ತನಗೆ ಬೇಕಾದ ಶಾಖವನ್ನು ಲೇಪದಿಂದಲೇ ಹೀರಿಕೊಳ್ಳುವುದರಿಂದ, ಮೇಲ್ಮೈಯು ತಣಿದು, ನಿಮ್ಮೂರ ಕೆರೆಯ ಕಡೆಯಿಂದ ಬೀಸುವ ಗಾಳಿಯೊಳಗಿನ ತೇವವು ಅದರ ಮೇಲೆ ಸೂಕ್ಷ್ಮ ಹನಿಗಳಾಗಿ ಕೂಡುತ್ತದೆ. ಆ ನೀರಿನ ಸಂಪರ್ಕದಿಂದ ನೈಟ್ರೋಸೆಲ್ಯುಲೋಸು ದ್ರಾವಣವನ್ನಗಲಿ ಬಿಳಿಯ ಕಣಗಳಾಗಿ ನಿಲ್ಲುತ್ತದೆ. ತಣ್ಣೀರು ತುಂಬಿದ ತಂಬಿಗೆಯ ಹೊರಮೈ ಬೆವರುವುದೂ ಈ ನ್ಯಾಯದಿಂದಲೇ.

ಮಳೆ ಬಿಟ್ಟು ಬಿಸಿಲೇರಿದ ಮಧ್ಯಾಹ್ನಕ್ಕಾಗಿ ಕಾಯಿರಿ. ಡೋಪಿಗೆ ಒಪ್ಪುವ ಥಿನ್ನರಿಗೆ, ನಿಧಾನವಾಗಿ ಆರುವಂತೆ ಮಾಡುವ ರಿಟಾರ್ಡರನ್ನು ತುಸು ಬೆರೆಸಿ, ಮೃದುವಾದ ಕುಂಚದಿಂದ, ತಿಕ್ಕದೆ, ತೆಳ್ಳಗೆ ಒಮ್ಮೆ ಎಳೆದರೆ, ಲೇಪವು ಪುನಃ ಕರಗಿ, ಸಿಕ್ಕಿಕೊಂಡಿದ್ದ ತೇವವು ಹೊರಬಿದ್ದು, ಮಬ್ಬಿನ ಕೆಳಗಿನ ಕಾಗದದ ಬಣ್ಣವು ನೋಡನೋಡುತ್ತಲೇ ತಿಳಿಯಾಗುವುದು. ಆ ಗಳಿಗೆಯ ಸಂತೋಷವನ್ನು ಅನುಭವಿಸಿಯೇ ತಿಳಿಯಬೇಕು. ಕಲೆ ಉಳಿದರೆ, ಪೂರ್ಣವಾಗಿ ಆರಿದ ಬಳಿಕ ಮತ್ತೊಮ್ಮೆ ಎಳೆಯಿರಿ.

ಇದನ್ನು ಆಟಿಕೆಯ ಕೆಲಸವೆಂದು ಹಗುರವಾಗಿ ಎಣಿಸಬೇಡಿರಿ: ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1958ರಲ್ಲಿ ಪ್ರಥಮವಾಗಿ ಹಾರಿ, ದೇಶದ ಹಾರಾಟದ ಕ್ಲಬ್ಬುಗಳಲ್ಲಿ ಅನೇಕರಿಗೆ ವಿಮಾನ ನಡೆಸಲು ಕಲಿಸಿದ ‘ಪುಷ್ಪಕ’ ವಿಮಾನಕ್ಕೂ ಡೋಪ್ ಬಳಿದ ಬಟ್ಟೆಯದೇ ಹೊದಿಕೆಯಿತ್ತು.

ಥಿನ್ನರಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಕಿಟಕಿ ತೆರೆದಿಟ್ಟು, ಒಲೆ ದೀಪಗಳಿಂದ ದೂರದಲ್ಲಿ ಕುಳಿತು ಈ ಕೆಲಸ ಮಾಡಿರಿ.