ಧನುರ್ಮಾಸದ ಓಟಕ್ಕೆ ನಾಲ್ಕು ಕಾಲಿನ ಜೊತೆಗಾರ

ಹಿಂಗಾರು ಮಳೆ ಹಿಂದೆ ಸರಿದು ಧನುರ್ಮಾಸ ಬಂತೆಂದರೆ ಚೆನ್ನೈಗೆ ಎರಡು ಸಂಭ್ರಮ. ಸಂಜೆ ಸಭಾಗಳಲ್ಲಿ ಕಛೇರಿ, ನಸುಕಿನಲ್ಲಿ ಕಡಲತೀರದ ಓಟ. ಜನವರಿಯ ಚೆನ್ನೈ ಮ್ಯಾರಥಾನ್‌ಗೆ ತಯಾರಾಗುವವರು ಮರೀನಾ, ಬೆಸೆಂಟ್ ನಗರದ ರಸ್ತೆಗಳಲ್ಲಿ ಬೆಳಕು ಹರಿಯುವ ಮುನ್ನವೇ ಹೆಜ್ಜೆ ಹಾಕುತ್ತಾರೆ. ಮನೆಯ ನಾಯಿಯನ್ನೂ ಕರೆದೊಯ್ಯಲು ವರ್ಷದಲ್ಲಿ ಇದೇ ಒಳ್ಳೆಯ ಕಾಲ. ಆದರೆ ಓಟದ ಅಳತೆ ನಾಯಿಯದಾಗಿರಬೇಕು, ನಮ್ಮದಲ್ಲ.

ಇಲ್ಲಿನ ಚಳಿಗಾಲದ ಮುಂಜಾವಿನ ಉಷ್ಣಾಂಶ 20-22 ಡಿಗ್ರಿ. ನಮಗೆ ತಂಪೆನಿಸಿದರೂ ಗಾಳಿಯಲ್ಲಿ ತೇವ ತುಂಬಿರುತ್ತದೆ. ನಮ್ಮಂತೆ ಮೈಯೆಲ್ಲ ಬೆವರದ ನಾಯಿ ಏದುಸಿರು ಬಿಟ್ಟೇ ಶಾಖ ಹೊರಹಾಕಬೇಕು. ತೇವದ ಗಾಳಿಯಲ್ಲಿ ಬಾಯಿ, ನಾಲಗೆಯ ನೀರು ಬೇಗ ಆರುವುದಿಲ್ಲ, ಮೈ ಕಾಯುತ್ತದೆ. ಅದರ ಸಹಜ ದೇಹೋಷ್ಣತೆ 38-39 ಡಿಗ್ರಿ. 41 ದಾಟಿದರೆ ಜೀವಕ್ಕೇ ಅಪಾಯ. ದಟ್ಟ ತುಪ್ಪಳದ ಹಸ್ಕಿ, ಚಪ್ಪಟೆ ಮೂಗಿನ ಪಗ್ ಇಲ್ಲಿ ದೂರದ ಓಟಕ್ಕೆ ಸಲ್ಲವು.

ಓಟಕ್ಕೆಂದೇ ಬೆಳೆದ ತಳಿಗಳು ನಮ್ಮ ನೆಲದಲ್ಲೇ ಇವೆ. ತಮಿಳುನಾಡಿನ ಚಿಪ್ಪಿಪಾರೈ, ಕನ್ನಿ ಮತ್ತು ನಮ್ಮ ಬಾಗಲಕೋಟೆಯ ಮುಧೋಳ ಬೇಟೆನಾಯಿಗಳದು ತೆಳು ಮೈ, ಗಿಡ್ಡ ಕೂದಲು, ಉದ್ದ ಕಾಲು. ಮುಧೋಳ ಮತ್ತು ರಾಜಪಾಳಯಂ ತಳಿಗಳಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ಸಂದಿದೆ. ಆದರೆ ಇವು ಮಿಂಚಿನ ಓಟಗಾರರು. ಗಂಟೆಗಟ್ಟಲೆ ಓಡುವ ಕಸುವನ್ನು ನಿಧಾನವಾಗಿ ಬೆಳೆಸಬೇಕು.

ಮೂಳೆ ಬಲಿಯುವವರೆಗೆ, ಅಂದರೆ ಒಂದು-ಒಂದೂವರೆ ವರ್ಷದವರೆಗೆ, ಮರಿಯನ್ನು ದೂರ ಓಡಿಸಬಾರದು. ಮೊದಲು ನಡಿಗೆ, ನಡುವೆ ಒಂದೆರಡು ನಿಮಿಷದ ಓಟ, ವಾರ ಕಳೆದಂತೆ ಸ್ವಲ್ಪ ಹೆಚ್ಚು. ಕೊರಳಪಟ್ಟಿಗಿಂತ ಎದೆಗೆ ಹಾಕುವ ಪಟ್ಟಿ ಮೇಲು. ನೀರು ನಿಮ್ಮ ಚೀಲದಲ್ಲೇ ಇರಲಿ. ಮಳೆ ನಿಂತ ಗುಂಡಿಯ ನೀರಿನಿಂದ ಇಲಿಜ್ವರ ತಗಲಬಹುದು. ಅದಕ್ಕೂ ರೇಬೀಸ್‌ಗೂ ಲಸಿಕೆ ಹಾಕಿಸಿರಬೇಕು. ಮನೆಗೆ ಬಂದೊಡನೆ ಪಾದದ ಸಂದು, ಕಿವಿಯಲ್ಲಿ ಗಾಜಿನ ಚೂರು, ಉಣ್ಣೆ ಇವೆಯೇ ನೋಡಿ. ನಾಯಿ ತೂರಾಡಿದರೆ, ಜೊಲ್ಲು ಮಿತಿಮೀರಿದರೆ ಓಟ ನಿಲ್ಲಿಸಿ, ನೆರಳಲ್ಲಿ ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ವೈದ್ಯರಲ್ಲಿಗೆ ಒಯ್ಯಿರಿ.

ಕಾಡುದಾರಿಯ ಓಟಕ್ಕೆ ಮನಸ್ಸಾಗುವುದು ಸಹಜ. ಆದರೆ ಕೃಷ್ಣಮೃಗ, ಚುಕ್ಕೆ ಜಿಂಕೆಗಳಿರುವ ಗಿಂಡಿ ರಾಷ್ಟ್ರೀಯ ಉದ್ಯಾನವಾಗಲಿ, ಸುತ್ತಲ ಮೀಸಲು ಅರಣ್ಯವಾಗಲಿ ಸಾಕುನಾಯಿಯ ಜಾಗವಲ್ಲ. ನಾಯಿಯ ವಾಸನೆಗೇ ಜಿಂಕೆ ಬೆದರುತ್ತದೆ, ನಾಯಿಯ ರೋಗ ಕಾಡುಪ್ರಾಣಿಗೆ ಹರಡುತ್ತದೆ. ಊರಾಚೆಯ ಮಣ್ಣುದಾರಿ, ಒಪ್ಪಿಗೆ ಪಡೆದ ತೋಟದ ಹಾದಿ ಸಾಕು.

ಕಡಲತೀರದಲ್ಲೂ ಎಚ್ಚರ ಬೇಕು. ಜನವರಿಯಿಂದ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಈ ಮರಳಿಗೇ ಬರುತ್ತವೆ. 1988ರಿಂದ ವಿದ್ಯಾರ್ಥಿ ಸ್ವಯಂಸೇವಕರು ನೀಲಾಂಕರೈಯಿಂದ ಬೆಸೆಂಟ್ ನಗರದವರೆಗೆ ರಾತ್ರಿಯಿಡೀ ನಡೆದು ಆ ಮೊಟ್ಟೆಗಳನ್ನು ಕಾಪಾಡುತ್ತಿದ್ದಾರೆ. ಬಿಟ್ಟ ನಾಯಿಯೊಂದು ಗೂಡು ಕೆದಕಿದರೆ ಅವರ ಶ್ರಮವೆಲ್ಲ ಮಣ್ಣುಪಾಲು.

ಚೆನ್ನೈನಲ್ಲಿ ಸಾಕುನಾಯಿಗೆ ಪಾಲಿಕೆಯ ಪರವಾನಗಿ ಕಡ್ಡಾಯ. ಪರವಾನಗಿ ಪಡೆಯಿರಿ, ಹಗ್ಗ ಬಿಡಬೇಡಿ, ಬಿಸಿಲೇರುವ ಮುನ್ನ ಮನೆ ಸೇರಿ. ಪದಕದ ಆಸೆ ನಿಮ್ಮದು; ಅದಕ್ಕಾಗಿ ನಾಯಿಯನ್ನು ದಣಿಸಬೇಡಿ.