ಒಂದೇ ದರ್ಜೆ, ಬೇರೆ ಬೇರೆ ಬೆಲೆ

ನಾಣ್ಯ ಮಾರಾಟಗಾರನೊಬ್ಬನ ಮೇಜಿನ ಮೇಲೆ ಅಮೆರಿಕದ ಎರಡು ಹಳೆಯ ಬೆಳ್ಳಿಯ ಅರ್ಧ ಡಾಲರುಗಳಿವೆ ಎಂದಿಟ್ಟುಕೊಳ್ಳೋಣ. ಎರಡೂ 1820ರ ದಶಕದವು. ಎರಡರಲ್ಲೂ ಒಂದು ಬದಿಗೆ ಟೋಪಿ ತೊಟ್ಟ ಸ್ವಾತಂತ್ರ್ಯದೇವಿ, ಇನ್ನೊಂದು ಬದಿಗೆ ಹದ್ದು. ಪರಿಣತರು ಎರಡಕ್ಕೂ 55 ಎಂಬ ಒಂದೇ ದರ್ಜೆ ಕೊಟ್ಟಿದ್ದಾರೆ. ಒಂದು ಬೆಳ್ಳಗೆ ಹೊಳೆಯುತ್ತಿದೆ. ಇನ್ನೊಂದರದು ಮಾಸಲು ಬೂದು ಬಣ್ಣ, ಅಂಚಿನ ಸುತ್ತ ಮಾತ್ರ ಹೊನ್ನಿನ ಮತ್ತು ನೀಲಿಯ ಛಾಯೆ. ಹೊಸಬರ ಕೈ ಹೊಳೆಯುವ ನಾಣ್ಯದತ್ತ ಹೋಗುತ್ತದೆ. ಪಳಗಿದ ಸಂಗ್ರಾಹಕರು ಹೆಚ್ಚು ಹಣ ತೆತ್ತು ಬೂದು ನಾಣ್ಯವನ್ನೇ ಒಯ್ಯುತ್ತಾರೆ. ಇದೇಕೆ ಹೀಗೆ?

ಇದನ್ನು ತಿಳಿಯಲು ಮೊದಲು ಆ ಅಂಕಿಯ ಹಿನ್ನೆಲೆ ನೋಡಬೇಕು. ವಿಲಿಯಂ ಶೆಲ್ಡನ್ ಎಂಬಾತ 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಬಗ್ಗೆ ಪುಸ್ತಕ ಬರೆದು, ಅವುಗಳಿಗೆ 1ರಿಂದ 70ರವರೆಗಿನ ಅಳತೆಗೋಲನ್ನು ಸೂಚಿಸಿದ. ತಾಮ್ರಕ್ಕೆಂದು ಹುಟ್ಟಿದ ಈ ಅಳತೆ ಕ್ರಮೇಣ ಬೆಳ್ಳಿ, ಚಿನ್ನಗಳಿಗೂ ಬಂತು. 1986 ಮತ್ತು 1987ರಲ್ಲಿ ಆರಂಭವಾದ ಎರಡು ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ, ಅಂಕಿಯನ್ನು ನಮೂದಿಸಿ, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವ ಪದ್ಧತಿಯನ್ನು ಬೆಳೆಸಿದವು. ಚಲಾವಣೆಯಾದ ನಾಣ್ಯದಲ್ಲಿ ಈ ಅಂಕಿ ಮುಖ್ಯವಾಗಿ ಹೇಳುವುದು ಎಷ್ಟು ಸವೆದಿದೆ ಎಂಬುದನ್ನು. ಸವೆಯದೆ ಉಳಿದ ಭಾಗ ಹೇಗಿದೆ ಎಂಬುದಕ್ಕೆ ಅಂಕಿಯೊಂದರಿಂದಲೇ ಉತ್ತರ ಸಿಗದು. ಆ ಉತ್ತರವನ್ನು ಕಣ್ಣೇ ಹುಡುಕಬೇಕು. ಈ ಕಸುಬಿನವರು ಅದನ್ನು ‘ಐ ಅಪೀಲ್’ ಎನ್ನುತ್ತಾರೆ. ನಾವು ನೋಟದ ಸೊಬಗು ಎನ್ನಬಹುದು.

ಅಚ್ಚು ಬಿದ್ದ ಕ್ಷಣದಲ್ಲಿ ಬೆಳ್ಳಿ ಒತ್ತಡಕ್ಕೆ ಸಿಕ್ಕಿ ನಡುವಿನಿಂದ ಅಂಚಿನತ್ತ ಹರಿಯುತ್ತದೆ. ಹರಿದ ಗುರುತು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಗೆರೆಗಳಾಗಿ ಉಳಿಯುತ್ತದೆ. ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿ ತಿರುಗಿಸಿದರೆ ಬೆಳಕು ಬಂಡಿಯ ಗಾಲಿಯ ಅರಗಳಂತೆ ಸುತ್ತುವುದು ಈ ಗೆರೆಗಳಿಂದಲೇ. ಕೈಯಿಂದ ಕೈಗೆ ದಾಟಿದ ನಾಣ್ಯದಲ್ಲಿ ಕೆನ್ನೆ, ಕೂದಲು, ಹದ್ದಿನ ರೆಕ್ಕೆಯಂಥ ಉಬ್ಬುಭಾಗಗಳು ಮೊದಲು ಸವೆಯುತ್ತವೆ. ನಕ್ಷತ್ರಗಳ ಸಂದಿಯಲ್ಲಿ, ಅಕ್ಷರಗಳ ಮಗ್ಗುಲಲ್ಲಿ ಮೂಲ ಕಾಂತಿ ಉಳಿದಿರುತ್ತದೆ. 55ರ ದರ್ಜೆಯ ನಾಣ್ಯದಲ್ಲಿ ಹುಡುಕಬೇಕಾದದ್ದು ಈ ಉಳಿದ ಕಾಂತಿಯನ್ನು.

ಬಣ್ಣದ ಕಥೆಯೂ ಹೀಗೆಯೇ. ಗಾಳಿ, ಕಾಗದ, ಬಟ್ಟೆಗಳಲ್ಲಿರುವ ಗಂಧಕ ಬೆಳ್ಳಿಯೊಡನೆ ಸೇರಿ ಅತಿ ತೆಳುವಾದ ಪದರವಾಗುತ್ತದೆ. ಪದರ ದಪ್ಪವಾಗುತ್ತ ಹೋದಂತೆ ಹೊನ್ನು, ಕೆಂಪು, ನೀಲಿ ಬಣ್ಣಗಳು ಸರದಿಯಲ್ಲಿ ಮೂಡಿ ಕೊನೆಗೆ ಕಪ್ಪಾಗುತ್ತದೆ. ದಶಕಗಳ ಕಾಲ ತಾನಾಗಿ ಬಂದ ಬಣ್ಣ ಒಂದರೊಳಗೊಂದು ಮೆಲ್ಲಗೆ ಕರಗಿರುತ್ತದೆ ಮತ್ತು ಅದರ ಅಡಿಯಿಂದ ಕಾಂತಿ ಇಣುಕುತ್ತದೆ. ಕಾಯಿಸಿ ಅಥವಾ ರಾಸಾಯನಿಕ ಹಚ್ಚಿ ಬರಿಸಿದ ಬಣ್ಣ ಮೇಲೆ ತೇಲಿದಂತೆ ಕಾಣುವುದುಂಟು.

ಹೊಳೆಯುವ ನಾಣ್ಯದ ಗುಟ್ಟು ಈಗ ಊಹಿಸಬಹುದು. ಇನ್ನೂರು ವರ್ಷ ಹಳೆಯ, ಚಲಾವಣೆಯಾದ ಬೆಳ್ಳಿ ಬೆಳ್ಳಗೆ ಉಳಿಯುವುದು ತೀರ ಅಪರೂಪ. ಹಾಗಿದ್ದರೆ ಯಾರೋ ಅದನ್ನು ಆಮ್ಲದ ದ್ರಾವಣದಲ್ಲಿ ಅದ್ದಿರುವ ಸಂಭವವೇ ಹೆಚ್ಚು. ಅದ್ದಿದಾಗ ಕಪ್ಪಿನ ಜೊತೆ ಬೆಳ್ಳಿಯ ಮೇಲ್ಪದರವೂ ಹೋಗುತ್ತದೆ, ಸೂಕ್ಷ್ಮ ಗೆರೆಗಳು ಸವೆಯುತ್ತವೆ. ಮತ್ತೆ ಮತ್ತೆ ಅದ್ದಿದರೆ ಬಿಳುಪು ಉಳಿದರೂ ಜೀವ ಉಳಿಯದು. ಬಟ್ಟೆಯಿಂದ ಉಜ್ಜಿದ್ದರೆ ಒಂದೇ ದಿಕ್ಕಿಗೆ ಹೋಗುವ ಕೂದಲೆಳೆಯಂಥ ಗೀರುಗಳು ಭೂತಗನ್ನಡಿಯಲ್ಲಿ ಕಾಣುತ್ತವೆ.

ಹಾಗೆಂದು ಎಲ್ಲ ಗೀರೂ ದೋಷವಲ್ಲ. ಫಿಲಡೆಲ್ಫಿಯಾದ ಟಂಕಸಾಲೆ 1792ರ ಕಾಯಿದೆಯಿಂದ ಹುಟ್ಟಿದ್ದು. ಅಲ್ಲಿ ಕೈಯಿಂದ ತಿರುಗಿಸುವ ತಿರುಪಿನ ಯಂತ್ರಗಳಿದ್ದವು. ಉಗಿಯಂತ್ರ ಬಂದದ್ದು 1836ರಲ್ಲಿ. ಡಾಲರ್ ಒಂದಕ್ಕೆ ಕಾನೂನು ನಿಗದಿ ಮಾಡಿದ್ದ ತೂಕ 416 ಗ್ರೇನ್, ಅಂದರೆ ಸುಮಾರು 27 ಗ್ರಾಂ. ಬಿಲ್ಲೆಯ ತೂಕ ಹೆಚ್ಚಾದರೆ ಅಚ್ಚೊತ್ತುವ ಮೊದಲು ಅರದಿಂದ ಉಜ್ಜಿ ಸರಿಪಡಿಸುತ್ತಿದ್ದರು. ತೂಕ ಕಡಿಮೆಯಾದ ಕೆಲವಕ್ಕೆ ನಡುವೆ ತೂತು ಮಾಡಿ ಬೆಳ್ಳಿಯ ಚೂರು ತುಂಬಿದ್ದೂ ಇದೆ. 1794ರಲ್ಲಿ ಅಲ್ಲಿಂದ ಹೊರಬಂದ ಮೊದಲ ಬೆಳ್ಳಿ ಡಾಲರುಗಳು 1,758. ಅವುಗಳಲ್ಲೊಂದು 2013ರ ಜನವರಿಯ ಹರಾಜಿನಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅಲ್ಲಿಯವರೆಗೆ ಯಾವ ನಾಣ್ಯಕ್ಕೂ ಹರಾಜಿನಲ್ಲಿ ಅಷ್ಟು ಬೆಲೆ ಬಂದಿರಲಿಲ್ಲ. ಅದರ ಮೇಲೂ ಅರದ ಗುರುತುಗಳಿವೆ, ನಡುವೆ ಬೆಳ್ಳಿಯ ತುಂಬುವಿಕೆ ಇದೆ. ಅವು ಟಂಕಸಾಲೆಯ ಕೆಲಸದ ಗುರುತುಗಳು. ಆದ್ದರಿಂದ ಅವನ್ನು ಆಮೇಲೆ ಬಿದ್ದ ಪೆಟ್ಟಿನೊಡನೆ ಸೇರಿಸಲಾಗದು. ಅದೇ ಅರದ ಗೆರೆಗಳು ದೇವಿಯ ಮುಖದ ಮೇಲೇ ಆಳವಾಗಿ ಹಾದಿದ್ದರೆ ಮಾತ್ರ ನೋಟ ಕೆಡುತ್ತದೆ, ಬೆಲೆಯೂ ತಗ್ಗುತ್ತದೆ.

ಅಚ್ಚು ಸರಿಯಾಗಿ ಬೀಳದ ಭಾಗವನ್ನು ಸವೆತವೆಂದು ತಿಳಿಯುವುದೂ ಸಾಮಾನ್ಯ ತಪ್ಪು. ಅರ್ಧ ಡಾಲರಿನಲ್ಲಿ ಹದ್ದಿನ ಮೇಲಿನ ಪಟ್ಟಿಯ ಅಕ್ಷರಗಳು ಅನೇಕ ಸಲ ಮಸುಕಾಗಿರುತ್ತವೆ. ಮಸುಕಿದ್ದ ಕಡೆಯೂ ಕಾಂತಿ ಉಳಿದಿದ್ದರೆ ಅದು ಯಂತ್ರದ ದೌರ್ಬಲ್ಯ. ಕಾಂತಿ ಹೋಗಿ ನುಣ್ಣಗೆ ಮಂಕಾಗಿದ್ದರೆ ಸವೆತ.

ಎರಡು ನಾಣ್ಯಗಳನ್ನು ಹೋಲಿಸುವವರು ಮೊದಲು ದರ್ಜೆಯ ಚೀಟಿಯನ್ನು ಬೆರಳಿನಿಂದ ಮುಚ್ಚುವುದು ಒಳ್ಳೆಯದು. ಒಂದೇ ದೀಪದ ಕೆಳಗೆ, ತೋಳಿನಳತೆಯ ದೂರದಲ್ಲಿ ಎರಡನ್ನೂ ಹಿಡಿದು ನೋಡಬೇಕು. ಬಳಿಕ ಓರೆ ಮಾಡಿ ಬೆಳಕು ಓಡುತ್ತದೆಯೇ ಎಂದು ಪರೀಕ್ಷಿಸಬೇಕು. ಭೂತಗನ್ನಡಿಯ ಸರದಿ ಕೊನೆಯದು. ಒಂದೇ ಅಳತೆಯ ಗೀರಾದರೂ ಕೆನ್ನೆಯ ಮೇಲಿದ್ದರೆ ಕಣ್ಣಿಗೆ ಚುಚ್ಚುತ್ತದೆ, ಕೂದಲಿನ ಸುರುಳಿಯಲ್ಲಿದ್ದರೆ ಅಡಗುತ್ತದೆ.

ಹಬ್ಬದ ಮುನ್ನಾದಿನ ಬೆಳ್ಳಿಯ ದೀಪ, ತಟ್ಟೆಗಳನ್ನು ವಿಭೂತಿ ಹಾಕಿ ತಿಕ್ಕಿ ಬೆಳಗುವುದು ನಮ್ಮ ಮನೆಗಳಲ್ಲಿ ನಡೆದುಬಂದ ರೂಢಿ. ಪಾತ್ರೆಗೆ ಅದು ಸಲ್ಲುತ್ತದೆ. ಆದರೆ ಪೆಟ್ಟಿಗೆಯ ತಳದಲ್ಲಿ ಹಳೆಯ ಬೆಳ್ಳಿ ನಾಣ್ಯ ಸಿಕ್ಕಿದರೆ, ಅದು ಯಾವ ದೇಶದ್ದೇ ಆಗಿರಲಿ, ಆ ಕೈಯನ್ನು ತಡೆಯಬೇಕು. ಹೋದ ಹೊಳಪು ಎಂದು ನಾವು ತಿಳಿಯುವ ಆ ಮಾಸಲು ಬಣ್ಣದ ಕೆಳಗೇ ಅದರ ಮೂಲ ಕಾಂತಿ ಇರುತ್ತದೆ. ಒಮ್ಮೆ ತಿಕ್ಕಿ ತೆಗೆದರೆ ಅದನ್ನು ಮರಳಿ ತರಲು ಯಾವ ಪರಿಣತನಿಂದಲೂ ಆಗದು.